ಫೈಲ್ ತೆರೆಯುತ್ತಿಲ್ಲ, ದುಡ್ಡು ಕೇಳುತ್ತಿದೆ: ರ‍್ಯಾನ್ಸಮ್‌ವೇರ್ ಹೊಕ್ಕ ಕಂಪ್ಯೂಟರಿಗೆ ದೋಷ ನಿವಾರಣೆ ಕೈಪಿಡಿ

ಲಕ್ಷಣ

ನಿನ್ನೆ ಸಂಜೆವರೆಗೂ ಸರಿಯಾಗಿದ್ದ ಎಕ್ಸೆಲ್ ಫೈಲು ಬೆಳಿಗ್ಗೆ ತೆರೆಯುವುದಿಲ್ಲ. ಐಕಾನು ಬಿಳಿ ಹಾಳೆಯಾಗಿದೆ. ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕಕ್ಷರದ ಬಾಲ ಅಂಟಿದೆ. ಫೋಟೋ, ಪಿಡಿಎಫ್, ಟ್ಯಾಲಿ ಡೇಟಾ, ಎಲ್ಲಕ್ಕೂ ಅದೇ ಬಾಲ. ಪ್ರತಿ ಫೋಲ್ಡರಿನಲ್ಲೂ ನೀವು ಇಡದ ಒಂದು ಟೆಕ್ಸ್ಟ್ ಫೈಲು ಬಂದು ಕೂತಿದೆ. ತೆರೆದರೆ ಇಂಗ್ಲಿಷಿನಲ್ಲಿ ಬೇಡಿಕೆ: ನಿಮ್ಮ ಫೈಲುಗಳನ್ನೆಲ್ಲ ಎನ್‌ಕ್ರಿಪ್ಟ್ ಮಾಡಿದ್ದೇವೆ (ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಬೀಗ ಹಾಕಿದ್ದೇವೆ), ಇಷ್ಟು ಡಾಲರ್ ಕೊಟ್ಟರೆ ಬಿಡಿಸಿಕೊಡುತ್ತೇವೆ, ತಡಮಾಡಿದರೆ ಮೊತ್ತ ಏರುತ್ತದೆ. ಇದು ರ‍್ಯಾನ್ಸಮ್‌ವೇರ್.

ಕೊಡಗಿನ ಗೋಣಿಕೊಪ್ಪ ಕಡೆ ನನ್ನ ರಿಪೇರಿ ಬೆಂಚಿಗೆ ಈ ತೊಂದರೆ ಹೊತ್ತು ಬರುವ ಕಂಪ್ಯೂಟರುಗಳು ಹೆಚ್ಚಾಗಿ ತೋಟದ ಆಫೀಸಿನವು, ಡಿಟಿಪಿ ಅಂಗಡಿಯವು, ಫೋಟೋ ಸ್ಟುಡಿಯೋದವು, ಹೋಂಸ್ಟೇಯವು. ತಂದವರ ಬೇಡಿಕೆಯೂ ಹೆಚ್ಚುಕಡಿಮೆ ಒಂದೇ: "ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿಕೊಡಿ, ಫೈಲುಗಳನ್ನೂ ಉಳಿಸಿಕೊಡಿ." ಈ ಎರಡು ಕೆಲಸ ಒಂದೇ ಅಲ್ಲ. ವೈರಸ್ ತೆಗೆಯುವುದು ಬೇರೆ, ಫೈಲು ಬಿಡಿಸುವುದು ಬೇರೆ. ಕಳ್ಳ ನಿಮ್ಮ ಬೀರುವಿಗೆ ತನ್ನ ಬೀಗ ಹಾಕಿದ್ದಾನೆ ಅಂದುಕೊಳ್ಳಿ. ಅವನನ್ನು ಮನೆಯಿಂದ ಓಡಿಸಿದರೆ ಬೀಗ ತೆರೆಯುವುದಿಲ್ಲ. ಇನ್ನೂ ಕೆಟ್ಟ ವಿಷಯವೆಂದರೆ, ಅವಸರದಲ್ಲಿ ಓಡಿಸುವಾಗ ಬೀಗದ ಗುರುತು ಹೇಳುವ ಕಾಗದವೂ ಕಸದ ಜೊತೆ ಹೋಗಿಬಿಡುತ್ತದೆ. ಹಾಗಾಗಿ ಈ ಕೈಪಿಡಿಯಲ್ಲಿ ಕ್ರಮವೇ ಮುಖ್ಯ. ತಡೆಯುವುದು, ಗುರುತಿಸುವುದು, ತೆಗೆದಿಡುವುದು, ಆಮೇಲೆ ಸ್ವಚ್ಛ ಮಾಡುವುದು.

ಮೊದಲ ಹತ್ತು ನಿಮಿಷ

ಮೊದಲು ನೆಟ್ ಕಿತ್ತುಹಾಕಿ. ಲ್ಯಾನ್ ಕೇಬಲ್ ಎಳೆಯಿರಿ, ವೈಫೈ ಆಫ್ ಮಾಡಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಡೆಸುತ್ತಿದ್ದರೆ ಮೊಬೈಲ್‌ನಲ್ಲೇ ಅದನ್ನು ಮುಚ್ಚಿ. ಚುಚ್ಚಿಟ್ಟಿರುವ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಕ್ಷಣ ತೆಗೆಯಿರಿ. ಆಫೀಸಿನಲ್ಲಿ ಇನ್ನೊಂದು ಕಂಪ್ಯೂಟರಿನ ಫೋಲ್ಡರನ್ನು ಶೇರ್ ಮಾಡಿಕೊಂಡಿದ್ದರೆ ಆ ಕಂಪ್ಯೂಟರಿನ ಕೇಬಲನ್ನೂ ಎಳೆಯಿರಿ, ಏಕೆಂದರೆ ಶೇರ್ ಆದ ಫೋಲ್ಡರ್ ಈ ಪ್ರೋಗ್ರಾಮಿನ ಕಣ್ಣಿಗೆ ಇನ್ನೊಂದು ಡ್ರೈವ್ ಅಷ್ಟೇ.

ಇನ್ನು ಕಂಪ್ಯೂಟರನ್ನು ಆಫ್ ಮಾಡಬೇಕೋ ಬೇಡವೋ ಎಂಬ ಪ್ರಶ್ನೆ. ಒಂದು ಫೋಲ್ಡರ್ ತೆರೆದು ನೋಡುತ್ತಿರಿ. ನಿಮ್ಮ ಕಣ್ಣೆದುರೇ ಫೈಲುಗಳ ಹೆಸರು ಒಂದೊಂದಾಗಿ ಬದಲಾಗುತ್ತಿದ್ದರೆ ಪವರ್ ಬಟನನ್ನು ಒತ್ತಿ ಹಿಡಿದು ಆರಿಸಿಬಿಡಿ. ಇನ್ನೂ ಮುಟ್ಟದ ಫೈಲುಗಳಾದರೂ ಉಳಿಯುತ್ತವೆ. ಎಲ್ಲವೂ ಮುಗಿದುಹೋಗಿದ್ದರೆ ಆರಿಸಬೇಡಿ, ನೆಟ್ ಇಲ್ಲದೆ ಹಾಗೆಯೇ ಬಿಡಿ. 2017ರ ಮೇ 12ರಂದು ಹರಡಿದ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಇದಕ್ಕೆ ಉದಾಹರಣೆ. ಕೀಲಿ ತಯಾರಿಸಲು ಬಳಸಿದ ಅವಿಭಾಜ್ಯ ಸಂಖ್ಯೆಗಳು ಹಳೆಯ ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ 7ರ ಮೆಮೊರಿಯಲ್ಲಿ ಉಳಿದುಬಿಡುತ್ತಿದ್ದವು. ರೀಸ್ಟಾರ್ಟ್ ಮಾಡದೆ ಇಟ್ಟಿದ್ದವರಲ್ಲಿ ಕೆಲವರಿಗೆ ವಾನಾಕಿವಿ ಎಂಬ ಉಚಿತ ಟೂಲ್ ಆ ಸಂಖ್ಯೆಗಳನ್ನು ಹೆಕ್ಕಿ ಫೈಲು ವಾಪಸ್ ಕೊಟ್ಟಿತು. ರೀಸ್ಟಾರ್ಟ್ ಹೊಡೆದವರಿಗೆ ಆ ದಾರಿ ಮುಚ್ಚಿತು. ಎಲ್ಲ ರ‍್ಯಾನ್ಸಮ್‌ವೇರಿನಲ್ಲೂ ಹೀಗಾಗುವುದಿಲ್ಲ, ಆದರೆ ನಿಮ್ಮದು ಯಾವುದು ಎಂದು ಈ ಹೊತ್ತಿಗೆ ನಿಮಗೆ ಗೊತ್ತಿಲ್ಲ. ಮಳೆಗಾಲವಾದರೆ ಯುಪಿಎಸ್ ಮೇಲೆ ಭರವಸೆ ಇಡುವಂತಿಲ್ಲ. ಹೈಬರ್ನೇಟ್ ಆಯ್ಕೆ ಇದ್ದರೆ ಅದನ್ನು ಬಳಸಿ, ಮೆಮೊರಿ ಡಿಸ್ಕಿಗೆ ಇಳಿದು ಉಳಿಯುತ್ತದೆ.

ಪರದೆಯ ಮೇಲಿನ ಬೇಡಿಕೆಯನ್ನೂ, ಬಾಲ ಅಂಟಿದ ಫೈಲುಗಳ ಪಟ್ಟಿಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆ ಟೆಕ್ಸ್ಟ್ ಫೈಲನ್ನು ಅಸಹ್ಯವೆಂದು ಡಿಲೀಟ್ ಮಾಡಬೇಡಿ. ಮುಂದೆ ಅದೇ ನಿಮ್ಮ ಮುಖ್ಯ ದಾಖಲೆ.

ನಿಜಕ್ಕೂ ರ‍್ಯಾನ್ಸಮ್‌ವೇರೇ?

ಫೈಲು ತೆರೆಯದಿದ್ದರೆ ಎಲ್ಲವೂ ರ‍್ಯಾನ್ಸಮ್‌ವೇರ್ ಅಲ್ಲ. ಹೆದರಿ ಬಂದವರಲ್ಲಿ ಬಹಳ ಮಂದಿಯದು ಬೇರೆ ಕಾಯಿಲೆ, ಬೇಗ ವಾಸಿಯಾಗುವಂಥದ್ದು. ಮೊದಲು ಇವುಗಳನ್ನು ತಳ್ಳಿಹಾಕಿ.

ಡಿಟಿಪಿ ಅಂಗಡಿಗಳಲ್ಲಿ ಪದೇ ಪದೇ ನೋಡುವುದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನ ಫೈಲು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮದುವೆ ಕರೆಯೋಲೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲು ತೆರೆದುಕೊಂಡಿದೆ, ಹೆಸರು ಬದಲಾಗಿಲ್ಲ, ದುಡ್ಡು ಯಾರೂ ಕೇಳಿಲ್ಲ. ಫಾಂಟು ಹಾಕಿ, ಸರಿಯಾಗುತ್ತದೆ.

ಎರಡನೆಯದು ಪೆನ್‌ಡ್ರೈವಿನ ಶಾರ್ಟ್‌ಕಟ್ ವೈರಸ್. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಊರಿನ ಪೆನ್‌ಡ್ರೈವುಗಳೆಲ್ಲ ಬಂದುಹೋಗುವುದರಿಂದ ಇದು ಅಲ್ಲಿ ಮನೆಮಾಡಿರುತ್ತದೆ. ಫೋಲ್ಡರುಗಳೆಲ್ಲ ಒಂದೊಂದು ಕೆಬಿಯ ಶಾರ್ಟ್‌ಕಟ್ ಆಗಿ ಕಾಣುತ್ತವೆ. ನಿಜವಾದ ಫೈಲುಗಳು ಅದೇ ಡ್ರೈವಿನಲ್ಲಿ ಬಚ್ಚಿಟ್ಟ ಸ್ಥಿತಿಯಲ್ಲಿವೆ. ಸ್ಕ್ಯಾನ್ ಮಾಡಿ, ಆಟ್ರಿಬ್ ಕಮಾಂಡಿನಿಂದ ಹಿಡನ್ ಮತ್ತು ಸಿಸ್ಟಮ್ ಗುರುತು ತೆಗೆದರೆ ಎಲ್ಲವೂ ಸಿಗುತ್ತವೆ.

ಮೂರನೆಯದು ಬ್ರೌಸರಿನಲ್ಲಿ ಪರದೆ ತುಂಬ ಬರುವ ಬೆದರಿಕೆ. ಪೊಲೀಸರ ಲಾಂಛನ ಹಾಕಿ ದಂಡ ಕಟ್ಟಿ ಎನ್ನುವುದು, ಮೈಕ್ರೋಸಾಫ್ಟ್ ಹೆಸರಿನಲ್ಲಿ ಈ ನಂಬರಿಗೆ ಫೋನ್ ಮಾಡಿ ಎಂದು ಕೂಗುವುದು. ಅದು ಬರೀ ಒಂದು ವೆಬ್ ಪುಟ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿ, ಒಂದೆರಡು ಫೈಲು ತೆರೆದು ನೋಡಿ. ತೆರೆದರೆ ಕಥೆ ಅಲ್ಲಿಗೆ ಮುಗಿಯಿತು. ಆ ನಂಬರಿಗೆ ಮಾತ್ರ ಫೋನ್ ಮಾಡಬೇಡಿ.

ಹಾರ್ಡ್ ಡಿಸ್ಕ್ ಸಾಯುತ್ತಿದ್ದರೂ ಫೈಲು ತೆರೆಯುವುದಿಲ್ಲ. ಆಗ ಹೆಸರುಗಳು ಹಾಗೆಯೇ ಇರುತ್ತವೆ, ಕಂಪ್ಯೂಟರ್ ನಿಧಾನವಾಗಿರುತ್ತದೆ, ಕೆಲವೊಮ್ಮೆ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತದೆ.

ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ ತೋರಿಸುವ ಆಯ್ಕೆ ಹಾಕಿ. ಬೇರೆ ಬೇರೆ ಬಗೆಯ ಫೈಲುಗಳಿಗೆ ಒಂದೇ ಹೊಸ ಬಾಲ, ಜೊತೆಗೆ ಬೇಡಿಕೆಯ ಟಿಪ್ಪಣಿ, ಎರಡೂ ಇದ್ದರೆ ಅನುಮಾನ ಉಳಿಯುವುದಿಲ್ಲ.

ಒಳಗೆ ನಡೆದದ್ದೇನು

ಪ್ರತಿ ಫೈಲನ್ನೂ ಎಇಎಸ್ ಅಥವಾ ಸಾಲ್ಸಾ20ಯಂಥ ವೇಗದ ವಿಧಾನದಿಂದ ಎನ್‌ಕ್ರಿಪ್ಟ್ ಮಾಡಿ, ಆ ಕೀಲಿಯನ್ನು ಆರ್‌ಎಸ್‌ಎ ಎಂಬ ಜೋಡಿ ಕೀಲಿಯ ವಿಧಾನದ ಸಾರ್ವಜನಿಕ ಕೀಲಿಯಿಂದ ಮತ್ತೆ ಮುಚ್ಚುತ್ತಾರೆ. ಅದನ್ನು ತೆರೆಯುವ ಖಾಸಗಿ ಕೀಲಿ ಅವರ ಬಳಿ ಮಾತ್ರ. ವಾನ್ನಾಕ್ರೈಯಂಥ ಅಪರೂಪದ ಸಂದರ್ಭ ಬಿಟ್ಟರೆ ನಿಮ್ಮ ಕಂಪ್ಯೂಟರಿನಲ್ಲಿ ಅದರ ಗುರುತು ಉಳಿದಿರುವುದಿಲ್ಲ, ಹಾಗಾಗಿ ಆಂಟಿವೈರಸ್ಸಿಗೆ ಅದು ಸಿಗುವುದಿಲ್ಲ. ಕೂತು ಲೆಕ್ಕ ಹಾಕಿ ಒಡೆಯುವುದೂ ಆಗದ ಮಾತು. ಬಿಡುಗಡೆ ಸಿಗುವುದು ಬರೆದವರು ಎಡವಿದಾಗ, ಪೊಲೀಸರು ಅವರ ಸರ್ವರ್ ಹಿಡಿದಾಗ, ಇಲ್ಲವೇ ನಿಮ್ಮ ಫೈಲಿನ ಇನ್ನೊಂದು ಪ್ರತಿ ಬೇರೆಲ್ಲಾದರೂ ಇದ್ದಾಗ.

ಬೀಗ ಹಾಕುವ ಮುಂಚೆ ಅಥವಾ ನಂತರ ವಿಎಸ್‌ಎಸ್‌ಅಡ್ಮಿನ್ ಎಂಬ ವಿಂಡೋಸಿನದೇ ಕಮಾಂಡ್ ಬಳಸಿ ಶ್ಯಾಡೋ ಕಾಪಿಗಳನ್ನು ಅಳಿಸುತ್ತಾರೆ. ವಿಂಡೋಸ್ ತಾನಾಗಿ ಇಟ್ಟುಕೊಂಡ ಹಳೆಯ ಆವೃತ್ತಿಗಳು ಆಗಲೇ ಹೋಗುತ್ತವೆ.

ನಮ್ಮ ಕಡೆ ಮನೆ, ಅಂಗಡಿ ಕಂಪ್ಯೂಟರುಗಳಲ್ಲಿ ಹೆಚ್ಚು ಕಾಣುವುದು ಸ್ಟಾಪ್ ಅಥವಾ ಡಿಜೆವಿಯು ಎಂಬ ಕುಟುಂಬದ್ದು. ಇದರ ಟಿಪ್ಪಣಿಯ ಹೆಸರು ಅಂಡರ್‌ಸ್ಕೋರಿನಿಂದ ಶುರುವಾಗುವ ರೀಡ್‌ಮಿ. ಬಹುಕಾಲ ಕೇಳುತ್ತಿದ್ದ ಮೊತ್ತ 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490. ಬಾಲದ ಅಕ್ಷರಗಳು ಆಗಾಗ ಬದಲಾದರೂ ಒಳಗಿನ ನಡವಳಿಕೆ ಒಂದೇ. ದೊಡ್ಡ ಫೈಲನ್ನು ಪೂರ್ತಿ ಮುಟ್ಟುವುದಿಲ್ಲ, ಮೊದಲ 150 ಕೆಬಿಯಷ್ಟನ್ನು ಕೆಡಿಸಿ ಮುಂದೆ ಹೋಗುತ್ತದೆ. ಓಡುವಾಗ ತನ್ನ ಸರ್ವರಿನಿಂದ ನಿಮಗೇ ಬೇರೆಯಾದ ಒಂದು ಕೀಲಿ ತರಿಸಿಕೊಳ್ಳುತ್ತದೆ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ, ಆ ಬಾಲದವರಿಗೆಲ್ಲ ಒಂದೇ ಆದ ಸಿದ್ಧ ಕೀಲಿ ಬಳಸುತ್ತದೆ. ಮೊದಲನೆಯದನ್ನು ಆನ್‌ಲೈನ್ ಕೀಲಿ, ಎರಡನೆಯದನ್ನು ಆಫ್‌ಲೈನ್ ಕೀಲಿ ಎನ್ನುತ್ತಾರೆ. ಕೊಡಗಿನವರು ಈ ವ್ಯತ್ಯಾಸವನ್ನು ಗಮನಿಸಬೇಕು. ಇಲ್ಲಿ ಸಾಫ್ಟ್‌ವೇರ್ ಎಷ್ಟೋ ಸಲ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಟ್ ಕೈಕೊಡುವುದೂ ಮಾಮೂಲು. ನೆಟ್ ಇಲ್ಲದ ಹೊತ್ತಿನಲ್ಲಿ ಅದು ಓಡಿದ್ದರೆ ಆಫ್‌ಲೈನ್ ಕೀಲಿ ಬಿದ್ದಿರುವ ಸಾಧ್ಯತೆ ಇದೆ, ಫೈಲು ಮರಳುವ ಆಸೆಯೂ ಇದೆ.

ಎಲ್ಲಿಂದ ಹೊಕ್ಕಿತು

ಇದನ್ನು ಹುಡುಕದೆ ಸ್ವಚ್ಛ ಮಾಡಿದರೆ ಅದೇ ಬಾಗಿಲಿನಿಂದ ಮತ್ತೆ ಬರುತ್ತದೆ. ಕೆಟ್ಟ ಫೈಲುಗಳನ್ನು ಬದಲಾದ ಸಮಯದ ಪ್ರಕಾರ ಜೋಡಿಸಿ ಎಲ್ಲಕ್ಕಿಂತ ಮೊದಲು ಕೆಟ್ಟದ್ದು ಯಾವುದು, ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ಆಮೇಲೆ ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರ್ ಹಿಸ್ಟರಿ, ಮೇಲ್‌ಬಾಕ್ಸ್ ತೆರೆದು ಅದಕ್ಕೆ ಹಿಂದಿನ ಒಂದು ಗಂಟೆಯನ್ನು ನೋಡಿ. ಉತ್ತರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಸಿದ್ದಾಪುರ ಕಡೆಯ ಒಂದು ಕಾಫಿ ತೋಟದ ಆಫೀಸು. ತೋಟದ ರೈಟರ್ (ಲೆಕ್ಕ ಬರೆಯುವ ಗುಮಾಸ್ತರು) ಫೋನ್ ಮಾಡಿ, "ಸಾರ್, ಚೆಕ್‌ರೋಲ್ ಓಪನ್ ಆಗ್ತಿಲ್ಲ, ನಾಳೆ ಬಟವಾಡೆ ಇದೆ" ಅಂದರು. ಹೋಗಿ ನೋಡಿದರೆ ಚೆಕ್‌ರೋಲಿನ, ಅಂದರೆ ಆಳುಗಳ ಹಾಜರಿ ಮತ್ತು ಕೂಲಿ ಲೆಕ್ಕದ, ಶೀಟಿನ ಜೊತೆ ಮಳೆ ಲೆಕ್ಕದ ಶೀಟೂ ಹೋಗಿತ್ತು. ಕೊಡಗಿನ ತೋಟದವರಿಗೆ ಮಳೆ ಲೆಕ್ಕ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ದಿನಾ ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟಿನಲ್ಲಿ ಬರೆದ ದಶಕಗಳ ಡೈರಿಗಳನ್ನು ಆ ಮನೆಯ ಹಿರಿಯರು ತಾವೇ ಕೂತು ಎಕ್ಸೆಲ್ಲಿಗೆ ಏರಿಸಿದ್ದರು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಯಾವ ವರ್ಷ ಯಾವ ದಿನ ಬಂತು ಎಂಬುದೂ ಅದರಲ್ಲಿತ್ತು. ಸಮಯದ ಪ್ರಕಾರ ಜೋಡಿಸಿದಾಗ ಮೊದಲ ಫೈಲು ಕೆಟ್ಟದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಅದಕ್ಕೆ ಸ್ವಲ್ಪ ಮುಂಚೆ ಡೌನ್‌ಲೋಡ್ಸ್‌ಗೆ ಒಂದು ಜಿಪ್ ಫೈಲು ಬಂದಿತ್ತು: ಆಫೀಸ್ ಸಾಫ್ಟ್‌ವೇರನ್ನು ಪುಕ್ಕಟೆ ಆಕ್ಟಿವೇಟ್ ಮಾಡುವ ಟೂಲ್. ಅದರ ಜೊತೆಗಿದ್ದ ಸೂಚನೆಯಲ್ಲಿ ಮೊದಲ ಸಾಲೇ ಆಂಟಿವೈರಸ್ ಆಫ್ ಮಾಡಿ ಎಂದಿತ್ತು. ಓಡಿಸಿದ ಮೇಲೆ ವಿಂಡೋಸ್ ಅಪ್‌ಡೇಟ್ ಆಗುತ್ತಿರುವಂತೆ ಒಂದು ಕಿಟಕಿ ಕಾಣಿಸಿಕೊಂಡಿತ್ತಂತೆ. ಅದು ನಕಲಿ, ಡಿಸ್ಕ್ ಗರಗರ ಎನ್ನುವುದಕ್ಕೆ ಕಾರಣ ಸಿಕ್ಕಿತೆಂದು ನೀವು ಸುಮ್ಮನೆ ಕೂರಲಿ ಎಂದೇ ಅದನ್ನು ತೋರಿಸುತ್ತಾರೆ.

ಡಿಜೆವಿಯು ಬರುವ ಹೆದ್ದಾರಿಯೇ ದುಡ್ಡಿನ ಸಾಫ್ಟ್‌ವೇರನ್ನು ಪುಕ್ಕಟೆ ಓಡಿಸುವ ಈ ಕ್ರ್ಯಾಕುಗಳು. ಫೋಟೋಶಾಪ್, ಕೋರಲ್‌ಡ್ರಾ, ಆಕ್ಟಿವೇಟರ್, ಆಟಗಳು, ಯಾವುದಾದರೂ ಸರಿ. ಸಣ್ಣ ಅಂಗಡಿಯವರಿಗೆ ಸಾಫ್ಟ್‌ವೇರಿನ ಬೆಲೆ ಭಾರ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಲಿಬ್ರೆಆಫೀಸ್, ಇಂಕ್‌ಸ್ಕೇಪ್, ಜಿಂಪ್ ಹಾಕಿಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ, ಯೂನಿಕೋಡ್ ಕನ್ನಡ ಅವುಗಳಲ್ಲಿ ಚೆನ್ನಾಗಿಯೇ ಬರುತ್ತದೆ.

ಎರಡನೆಯ ಬಾಗಿಲು ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದಲೇ ಕಂಪ್ಯೂಟರ್ ನಡೆಸುವ ವ್ಯವಸ್ಥೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ, ಅಲ್ಲಿಂದಲೇ ತೋಟದ ಲೆಕ್ಕ ನೋಡಬೇಕು. ಮೈಸೂರಿನ ಆಡಿಟರಿಗೆ ಟ್ಯಾಲಿ ಕಾಣಬೇಕು. ಯಾರೋ ರೂಟರಿನಲ್ಲಿ ಅದಕ್ಕೆ ಬೇಕಾದ 3389 ಸಂಖ್ಯೆಯ ಪೋರ್ಟನ್ನು (ಸಂಪರ್ಕದ ಬಾಗಿಲನ್ನು) ನೇರ ಇಂಟರ್ನೆಟ್ಟಿಗೆ ತೆರೆದು, ನೆನಪಿರಲಿ ಎಂದು ತೋಟದ ಹೆಸರನ್ನೇ ಪಾಸ್‌ವರ್ಡ್ ಮಾಡಿರುತ್ತಾರೆ. ಹೀಗೆ ತೆರೆದ ಪೋರ್ಟುಗಳನ್ನು ಹುಡುಕುವ ಪ್ರೋಗ್ರಾಮುಗಳು ಜಗತ್ತಿನಾದ್ಯಂತ ಹಗಲಿರುಳು ಓಡುತ್ತಿರುತ್ತವೆ. ಧರ್ಮಾ, ಫೋಬಾಸ್ ಎಂಬ ರ‍್ಯಾನ್ಸಮ್‌ವೇರುಗಳು ಬಂದದ್ದು ಮುಖ್ಯವಾಗಿ ಈ ದಾರಿಯಲ್ಲಿ. ಇವುಗಳಲ್ಲಿ ಬಾಲ ಉದ್ದವಾಗಿದ್ದು ಅದರಲ್ಲೇ ಒಂದು ಐಡಿ ಮತ್ತು ಇಮೇಲ್ ವಿಳಾಸ ಇರುತ್ತದೆ. ಅನುಮಾನವಿದ್ದರೆ ಈವೆಂಟ್ ವ್ಯೂಯರಿನ ಸೆಕ್ಯುರಿಟಿ ಲಾಗ್ ತೆರೆಯಿರಿ. 4625 ಸಂಖ್ಯೆಯ ವಿಫಲ ಲಾಗಿನ್‌ಗಳು ಸಾಲುಸಾಲಾಗಿ ಬಂದು, ನಡುವೆ 4624 ಸಂಖ್ಯೆಯ, ಲಾಗಾನ್ ಟೈಪ್ 10 ಎಂದಿರುವ ಯಶಸ್ವಿ ಲಾಗಿನ್ ಇದ್ದರೆ ಯಾರೋ ಪಾಸ್‌ವರ್ಡ್ ಊಹಿಸಿ ಒಳಗೆ ಬಂದು ಕೂತಿದ್ದಾರೆ ಎಂದರ್ಥ.

ಮೂರನೆಯದು ಮೇಲ್. ಹೋಂಸ್ಟೇ ನಡೆಸುವವರಿಗೆ ಬುಕಿಂಗ್ ವಿವರ, ಅತಿಥಿಗಳ ಗುರುತಿನ ಚೀಟಿ ಎಂದು ಅಟ್ಯಾಚ್‌ಮೆಂಟ್ ಬರುತ್ತಲೇ ಇರುತ್ತವೆ. ಪಿಡಿಎಫ್ ಎಂದು ಹೆಸರಿದ್ದು ನಿಜವಾದ ಕೊನೆ ಇಎಕ್ಸ್‌ಇ ಆಗಿದ್ದರೆ, ಎಕ್ಸ್‌ಟೆನ್ಶನ್ ಮರೆಯಾಗಿರುವ ಕಂಪ್ಯೂಟರಿನಲ್ಲಿ ಅದು ಗೊತ್ತೇ ಆಗುವುದಿಲ್ಲ.

ನಾಲ್ಕನೆಯದು ಅಪ್‌ಡೇಟ್ ಇಲ್ಲದ ಹಳೆಯ ವಿಂಡೋಸ್. ವಾನ್ನಾಕ್ರೈ ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಎರಡು ತಿಂಗಳ ನಂತರವೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇಲ್ಲಿ ಒಂದು ವಿಷಯ ಗಮನಿಸಿ: ಡೇಟಾ ಉಳಿಸಲು ಹಾಟ್‌ಸ್ಪಾಟನ್ನು ಮೀಟರ್ಡ್ ಕನೆಕ್ಷನ್ ಎಂದು ಗುರುತು ಹಾಕಿದರೆ ವಿಂಡೋಸ್ ಬಹುಪಾಲು ಅಪ್‌ಡೇಟುಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ತಿಂಗಳಿಗೊಮ್ಮೆಯಾದರೂ ಒಳ್ಳೆ ನೆಟ್ ಇರುವ ಕಡೆ ಲ್ಯಾಪ್‌ಟಾಪ್ ಒಯ್ದು ಅಪ್‌ಡೇಟ್ ಮುಗಿಸಿ.

ಸ್ವಚ್ಛ ಮಾಡುವ ಮುಂಚೆ ತೆಗೆದಿಡಿ

ಒಂದು ಖಾಲಿ ಹಾರ್ಡ್ ಡಿಸ್ಕಿಗೆ ಕೆಟ್ಟ ಫೈಲುಗಳನ್ನೆಲ್ಲ ಹಾಗೆಯೇ ಕಾಪಿ ಮಾಡಿ. ಸಾಧ್ಯವಾದರೆ ಡಿಸ್ಕನ್ನು ಬಿಚ್ಚಿ, ಲಿನಕ್ಸ್ ಇರುವ ಬೇರೆ ಕಂಪ್ಯೂಟರಿಗೆ ಜೋಡಿಸಿ ಪೂರ್ತಿ ಇಮೇಜ್ (ಇಡೀ ಡಿಸ್ಕಿನ ಯಥಾವತ್ ನಕಲು) ತೆಗೆದರೆ ಇನ್ನೂ ಒಳ್ಳೆಯದು. ಬೇಡಿಕೆಯ ಟಿಪ್ಪಣಿಯ ಒಂದು ಪ್ರತಿ ಇರಲಿ. ಡಿಜೆವಿಯು ಆಗಿದ್ದರೆ ಸಿ ಡ್ರೈವಿನಲ್ಲಿ ಸಿಸ್ಟಮ್‌ಐಡಿ ಎಂಬ ಫೋಲ್ಡರ್, ಅದರಲ್ಲಿ ಪರ್ಸನಲ್‌ಐಡಿ ಎಂಬ ಟೆಕ್ಸ್ಟ್ ಫೈಲು ಇರುತ್ತದೆ. ಅದನ್ನು ಖಂಡಿತ ತೆಗೆದಿಡಿ. ಬಾಲವನ್ನು ಅಳಿಸಿ ಹಳೆಯ ಹೆಸರು ಕೊಡಲು ಹೋಗಬೇಡಿ. ಒಳಗಿನ ಎನ್‌ಕ್ರಿಪ್ಷನ್ ಹಾಗೇ ಉಳಿಯುತ್ತದೆ, ಮುಂದೆ ಬಿಡಿಸುವ ಟೂಲಿಗೆ ಫೈಲು ಗುರುತು ಸಿಗದೆ ಹೋಗುತ್ತದೆ.

ತೆಗೆಯುವುದು

ಟೂಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ತನ್ನಿ. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಮಾಡಿ ಸೇಫ್ ಮೋಡಿಗೆ ಹೋಗಿ. ಮಾಲ್‌ವೇರ್‌ಬೈಟ್ಸ್ ಅಥವಾ ಎಮ್ಸಿಸಾಫ್ಟ್ ಎಮರ್ಜೆನ್ಸಿ ಕಿಟ್ ಓಡಿಸಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಅದು ವಿಂಡೋಸ್ ಏಳುವ ಮುಂಚೆಯೇ ಪರೀಕ್ಷಿಸುವುದರಿಂದ ಬಚ್ಚಿಟ್ಟುಕೊಂಡವೂ ಸಿಗುತ್ತವೆ.

ಡಿಜೆವಿಯು ಇದ್ದಲ್ಲಿ ಇನ್ನೆರಡು ಕಡೆ ಕೈಯಾರೆ ನೋಡಬೇಕು. ಟಾಸ್ಕ್ ಶೆಡ್ಯೂಲರಿನಲ್ಲಿ ಟೈಮ್ ಟ್ರಿಗರ್ ಟಾಸ್ಕ್ ಎಂಬುದಿದ್ದರೆ ಅಳಿಸಿ. ಅದು ಕೆಲವೇ ನಿಮಿಷಕ್ಕೊಮ್ಮೆ ಮತ್ತೆ ಓಡಿ ನೀವು ಹೊಸದಾಗಿ ಇಟ್ಟ ಫೈಲಿಗೂ ಬೀಗ ಹಾಕುತ್ತದೆ. "ಸ್ವಚ್ಛ ಮಾಡಿದ್ದೆ, ಸಂಜೆಗೆ ಮತ್ತೆ ಬಂತು" ಎನ್ನುವವರ ಕಂಪ್ಯೂಟರಿನಲ್ಲಿ ಇದು ಉಳಿದಿರುತ್ತದೆ. ಎರಡನೆಯದು ಹೋಸ್ಟ್ಸ್ ಫೈಲು, ಸಿಸ್ಟಮ್32ರ ಡ್ರೈವರ್ಸ್ ಫೋಲ್ಡರಿನೊಳಗಿನ ಇಟಿಸಿಯಲ್ಲಿ ಇರುತ್ತದೆ. ಆಂಟಿವೈರಸ್ ಕಂಪನಿಗಳ ಮತ್ತು ಸಹಾಯ ಸಿಗುವ ತಾಣಗಳ ಹೆಸರುಗಳನ್ನು ಅದರಲ್ಲಿ ಬರೆದು ಅವು ತೆರೆಯದಂತೆ ಮಾಡಿರುತ್ತದೆ. ನೋಟ್‌ಪ್ಯಾಡನ್ನು ಅಡ್ಮಿನ್ ಆಗಿ ತೆರೆದು ಆ ಸಾಲುಗಳನ್ನು ಅಳಿಸಿ.

ಇಷ್ಟಾದ ಮೇಲೂ ನನ್ನ ಸಲಹೆ ಡಿಸ್ಕ್ ಅಳಿಸಿ ಹೊಸ ವಿಂಡೋಸ್ ಹಾಕುವುದೇ. ಆದರೆ ಮೇಲಿನದನ್ನೆಲ್ಲ ತೆಗೆದಿಟ್ಟ ಮೇಲೆ, ಮೈಕ್ರೋಸಾಫ್ಟಿನ ತಾಣದಿಂದಲೇ ಇಳಿಸಿದ ಪ್ರತಿಯಿಂದ. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಮನುಷ್ಯರೇ ಒಳಗೆ ಬಂದಿದ್ದ ಕಂಪ್ಯೂಟರಿಗಂತೂ ಬೇರೆ ದಾರಿಯಿಲ್ಲ. ಅವರು ಹೊಸ ಯೂಸರ್ ಸೃಷ್ಟಿಸಿರಬಹುದು, ಇನ್ನೊಂದು ರಿಮೋಟ್ ಟೂಲ್ ಬಿಟ್ಟುಹೋಗಿರಬಹುದು. ಸ್ಕ್ಯಾನರಿಗೆ ಇವೆರಡೂ ವೈರಸ್ ಎಂದು ಕಾಣುವುದಿಲ್ಲ.

ಪಾಸ್‌ವರ್ಡುಗಳನ್ನು ಬದಲಿಸುವುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಡಿಜೆವಿಯು ಒಂಟಿಯಾಗಿ ಬರುವುದು ಅಪರೂಪ. ವಿಡಾರ್, ಅಜೋರಲ್ಟ್‌ನಂಥ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮನ್ನು ಜೊತೆಗೇ ತರುತ್ತದೆ. ಬ್ರೌಸರಿನಲ್ಲಿ ಸೇವ್ ಮಾಡಿದ್ದೆಲ್ಲ ಹೋಗಿದೆ ಎಂದೇ ತಿಳಿಯಿರಿ. ಬೇರೆ ಕಂಪ್ಯೂಟರಿನಿಂದ ನೆಟ್ ಬ್ಯಾಂಕಿಂಗ್, ಜಿಮೇಲ್, ಜಿಎಸ್‌ಟಿ, ಬುಕಿಂಗ್ ಖಾತೆಗಳ ಪಾಸ್‌ವರ್ಡ್ ಅದೇ ದಿನ ಬದಲಿಸಿ, ವಾಟ್ಸ್‌ಆ್ಯಪ್ ವೆಬ್‌ನಿಂದ ಮೊಬೈಲಿನಲ್ಲೇ ಲಾಗೌಟ್ ಮಾಡಿ.

ಫೈಲು ವಾಪಸ್ ಪಡೆಯುವುದು

ಮೊದಲ ನಿಲ್ದಾಣ ನೋ ಮೋರ್ ರ‍್ಯಾನ್ಸಮ್ ಎಂಬ ತಾಣ. ನೆದರ್‌ಲೆಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ 2016ರ ಜುಲೈನಲ್ಲಿ ಶುರುಮಾಡಿದ್ದು, ಪೂರ್ತಿ ಉಚಿತ. ಅಲ್ಲಿನ ಕ್ರಿಪ್ಟೋ ಶೆರಿಫ್ ಪುಟಕ್ಕೆ ಕೆಟ್ಟ ಫೈಲು ಎರಡು, ಬೇಡಿಕೆಯ ಟಿಪ್ಪಣಿ ಒಂದು ಹಾಕಿದರೆ ಯಾವ ಜಾತಿ, ಬಿಡಿಸುವ ಟೂಲ್ ಇದೆಯೇ ಎಂದು ಹೇಳುತ್ತದೆ. ಐಡಿ ರ‍್ಯಾನ್ಸಮ್‌ವೇರ್ ಎಂಬ ತಾಣವೂ ಇದೇ ಕೆಲಸ ಮಾಡುತ್ತದೆ. ಬ್ಯಾಂಕ್ ಪತ್ರ, ಆಧಾರ್ ಇರುವ ಫೈಲನ್ನು ಹಾಕಬೇಡಿ. ಹಬ್ಬದ ಫೋಟೋ ಸಾಕು.

ಡಿಜೆವಿಯುಗೆ ಎಮ್ಸಿಸಾಫ್ಟ್ ಕಂಪನಿ ಮಾಡಿದ ಡಿಕ್ರಿಪ್ಟರ್, ಅಂದರೆ ಬಿಡಿಸುವ ಟೂಲ್, ಇದೆ. ಪರ್ಸನಲ್‌ಐಡಿ ಫೈಲು ತೆರೆದು ಐಡಿಯ ಕೊನೆಯ ಎರಡಕ್ಷರ ನೋಡಿ. ಟಿ ಅಕ್ಷರ ಮತ್ತು 1 ಇದ್ದರೆ ಅದು ಆಫ್‌ಲೈನ್ ಕೀಲಿ. ಆ ಬಾಲದ ಕೀಲಿ ಅವರ ಸಂಗ್ರಹಕ್ಕೆ ಬಂದಿದ್ದರೆ ಫೈಲು ಬಿಡುತ್ತದೆ, ಬಂದಿಲ್ಲದಿದ್ದರೆ ಕಾಯಬೇಕು. ಒಂದಕ್ಕಿಂತ ಹೆಚ್ಚು ಐಡಿ ಇದ್ದರೆ ಕೆಲವು ಫೈಲು ಆನ್‌ಲೈನ್, ಕೆಲವು ಆಫ್‌ಲೈನ್ ಕೀಲಿಯವು, ಬಿಡಿಸಬಹುದಾದಷ್ಟನ್ನು ಬಿಡಿಸಿಕೊಳ್ಳಿ. ಆನ್‌ಲೈನ್ ಕೀಲಿಯವಕ್ಕೆ ಸದ್ಯಕ್ಕೆ ದಾರಿಯಿಲ್ಲ. ಯೂಟ್ಯೂಬಿನಲ್ಲಿ ಎಲ್ಲ ಬಾಲಕ್ಕೂ ಬಿಡಿಸುವ ಟೂಲ್ ಎಂದು ತೋರಿಸುವವನ್ನು ಇಳಿಸಿಕೊಳ್ಳಬೇಡಿ. ಬಿಡಿಸುವ ಟೂಲಿನ ವೇಷದಲ್ಲಿ ಎರಡನೇ ಬೀಗ ಹಾಕುವ ರ‍್ಯಾನ್ಸಮ್‌ವೇರೂ ಬಂದದ್ದುಂಟು.

ಫೋಟೋ ಸ್ಟುಡಿಯೋದವರು ಆಸೆ ಬಿಡುವ ಮುಂಚೆ 150 ಕೆಬಿ ಲೆಕ್ಕವನ್ನು ನೆನಪಿಡಿ. ಮದುವೆಯ ವಿಡಿಯೋ ಹಲವು ಜಿಬಿ ಇರುತ್ತದೆ, ಕೆಟ್ಟಿರುವುದು ತಲೆಭಾಗ ಮಾತ್ರ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಳ್ಳೆಯ ಫೈಲೊಂದನ್ನು ಮಾದರಿಯಾಗಿ ಕೊಟ್ಟರೆ ವಿಡಿಯೋ ರಿಪೇರಿ ಟೂಲುಗಳು ಬಹುಪಾಲನ್ನು ಎಬ್ಬಿಸುತ್ತವೆ. ದೊಡ್ಡ ಜೆಪೆಗ್ ಫೋಟೋಗಳಲ್ಲಿ ಮೇಲಿನ ಪಟ್ಟಿ ಹೋದರೂ ಕೆಳಗಿನ ಭಾಗ ಸಿಗುವುದುಂಟು. ಹಲವು ಫೈಲು ತುಂಬಿದ ದೊಡ್ಡ ಜಿಪ್ಪಿನಲ್ಲಿ ಆರಂಭದ ಒಂದೆರಡು ಬಿಟ್ಟು ಉಳಿದವು ಹೊರಬರಬಹುದು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಮತ್ತೆ ಬಳಸಿಲ್ಲದಿದ್ದರೆ ಅಳಿಸಿದ ಫೈಲು ಹುಡುಕುವ ಫೋಟೋರೆಕ್ ಎಂಬ ಟೂಲನ್ನು ಅದರ ಮೇಲೆ ಓಡಿಸಿ ಮೂಲ ಚಿತ್ರಗಳನ್ನೇ ಹೆಕ್ಕಬಹುದು. ಕಂಪ್ಯೂಟರಿನ ಡಿಸ್ಕಿನಲ್ಲೂ ಅಳಿಸಿದ ಫೈಲು ಹುಡುಕಬಹುದು, ಆದರೆ ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ವ್ಯವಸ್ಥೆ ಅಷ್ಟರಲ್ಲಿ ಜಾಗವನ್ನು ಒರೆಸಿರುತ್ತದೆ.

ಒನ್‌ಡ್ರೈವ್, ಗೂಗಲ್ ಡ್ರೈವ್ ಸಿಂಕ್ ಇದ್ದರೆ ಕೆಟ್ಟ ಫೈಲೇ ಮೇಲೆ ಹೋಗಿರುತ್ತದೆ. ಗಾಬರಿ ಬೇಡ. ಬೇರೆ ಕಂಪ್ಯೂಟರಿನಲ್ಲಿ ಬ್ರೌಸರಿನಿಂದ ತೆರೆದು ಕಸದ ಬುಟ್ಟಿಯನ್ನೂ ಹಳೆಯ ಆವೃತ್ತಿಗಳನ್ನೂ ನೋಡಿ. ಗೂಗಲ್ ಡ್ರೈವ್ ಹಳೆಯ ಆವೃತ್ತಿಗಳನ್ನು ಸಾಮಾನ್ಯವಾಗಿ 30 ದಿನವೇ ಇಡುವುದರಿಂದ ತಡಮಾಡುವಂತಿಲ್ಲ.

ಇದೆಲ್ಲದರ ಜೊತೆಗೆ ಪ್ರತಿಗಳನ್ನು ಹುಡುಕಿ. ಕಳಿಸಿದ ಮೇಲ್‌ಗಳು, ವಾಟ್ಸ್‌ಆ್ಯಪ್, ಆಡಿಟರ್ ಆಫೀಸು, ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲೆಕ್ಕ, ಪ್ರಿಂಟಿಂಗ್ ಪ್ರೆಸ್ಸಿಗೆ ಕಳಿಸಿದ ಪಿಡಿಎಫ್. ಸಿದ್ದಾಪುರದ ತೋಟದ ಮಳೆ ಲೆಕ್ಕ ಸಿಕ್ಕಿದ್ದು ಹಾಗೆಯೇ. ಹಿರಿಯರು ಅದನ್ನು ಮೈಸೂರಿನಲ್ಲಿರುವ ತಂಗಿಯ ಮಗನಿಗೆ ಹಿಂದೊಮ್ಮೆ ಮೇಲ್ ಮಾಡಿದ್ದರು. ಅಲ್ಲಿಂದೀಚಿನದನ್ನು ಡೈರಿ ನೋಡಿ ತುಂಬಿದರು. ಚೆಕ್‌ರೋಲಿಗೆ ರೈಟರ ಕೈಬರಹದ ಪುಸ್ತಕವಿತ್ತು, ಬಟವಾಡೆ ತಪ್ಪಲಿಲ್ಲ.

ದುಡ್ಡು ಕೊಡಬಹುದೇ

ಬೇಡ. ಕೊಟ್ಟವರಿಗೆಲ್ಲ ಕೀಲಿ ಬರುವುದಿಲ್ಲ, ಬಂದ ಕೀಲಿ ಎಲ್ಲ ಫೈಲಿಗೂ ಹೊಂದುವುದಿಲ್ಲ. 2017ರ ಜೂನ್ 27ರಂದು ಹರಡಿದ ನಾಟ್‌ಪೆಟ್ಯಾ ಎಂಬ ಪ್ರೋಗ್ರಾಮು ದುಡ್ಡು ಕೇಳಿತ್ತು, ಆದರೆ ಬಿಡಿಸುವ ಉಪಾಯವೇ ಅದರಲ್ಲಿ ಇರಲಿಲ್ಲ. ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ಲಿನ ಕೆಲಸವೂ ಆಗ ಕೆಟ್ಟಿತ್ತು. ಖಂಡಿತ ಬಿಡಿಸಿಕೊಡುತ್ತೇವೆ ಎಂದು ಭರವಸೆ ಕೊಡುವ ಡೇಟಾ ರಿಕವರಿಯವರ ಬಗ್ಗೆಯೂ ಎಚ್ಚರ. ಒಳಗೊಳಗೆ ಅಪರಾಧಿಗೇ ದುಡ್ಡು ಕೊಟ್ಟು, ಮೇಲೆ ತಮ್ಮದನ್ನು ಸೇರಿಸಿ ಬಿಲ್ ಮಾಡುವವರಿದ್ದಾರೆ. ಯಾವ ವಿಧಾನದಿಂದ ಬಿಡಿಸುತ್ತೀರಿ ಎಂದು ಬರಹದಲ್ಲಿ ಕೇಳಿ.

ದೂರು ಕೊಡಿ. ಮಡಿಕೇರಿಯಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ಬ್ಯಾಂಕ್ ಖಾತೆಯಿಂದ ಹಣವೂ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಅಪರಾಧ. ಕಂಪನಿಗಳು, ಸರ್ಕಾರಿ ಕಚೇರಿಗಳು ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸರ್ಟ್‌-ಇನ್ ಸಂಸ್ಥೆಗೆ 6 ಗಂಟೆಯೊಳಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ.

ಮತ್ತೆ ಬರದಂತೆ

ಸದಾ ಚುಚ್ಚಿಟ್ಟ ಹಾರ್ಡ್ ಡಿಸ್ಕ್ ಬ್ಯಾಕಪ್ ಅಲ್ಲ, ಅದಕ್ಕೂ ಬೀಗ ಬೀಳುತ್ತದೆ. ಕಾಪಿ ಮಾಡಿ, ಕಿತ್ತು, ಎತ್ತಿಡಿ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಲ್ಲಿ ಸುಮಾರು 1.3 ಟಿಬಿ ಡೇಟಾ ಹೀಗೆ ಬೀಗಕ್ಕೆ ಬಿತ್ತು. ಇ-ಹಾಸ್ಪಿಟಲ್ ಮಾಹಿತಿ ಮರಳಿದ್ದು ದಾಳಿ ತಾಕದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ. ಎರಡು ಡಿಸ್ಕ್ ಇಟ್ಟುಕೊಂಡು ವಾರಕ್ಕೊಂದರಂತೆ ಬದಲಿಸಿ, ಕೊಯ್ಲಿನ ಕಾಲದಲ್ಲಿ ದಿನವೂ ಮಾಡಿ. ಒಂದು ಡಿಸ್ಕಾದರೂ ಜಿಲ್ಲೆಯ ಹೊರಗೆ ನೆಂಟರ ಮನೆಯಲ್ಲಿರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇಲ್ಲಿ ಮನೆಗಳೇ ಹೋದವು, ಬೀರುವಿನಲ್ಲಿದ್ದದ್ದು ಉಳಿಯುವುದು ಎಲ್ಲಿಂದ?

ವಿಂಡೋಸ್ ಸೆಕ್ಯುರಿಟಿಯ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಒಳಗೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿ, ಲೆಕ್ಕದ ಫೋಲ್ಡರನ್ನು ಅದಕ್ಕೆ ಸೇರಿಸಿ. ದಿನಬಳಕೆಗೆ ಅಡ್ಮಿನ್ ಅಲ್ಲದ ಯೂಸರ್ ಇರಲಿ. ರೂಟರಿನ 3389 ಪೋರ್ಟ್ ಮುಚ್ಚಿಸಿ, ದೂರದಿಂದ ನೋಡಲೇಬೇಕಿದ್ದರೆ ವಿಪಿಎನ್ (ನೆಟ್ಟಿನೊಳಗೇ ನಿಮಗಷ್ಟೇ ಆದ ಗುಪ್ತ ದಾರಿ) ಹಾಕಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರವಾದರೆ ಲಿನಕ್ಸ್ ಹಾಕಿಯಾದರೂ ಬಳಸಿ.

ಬಿಡಿಸಲಾಗದ ಡಿಸ್ಕನ್ನು ಎಸೆಯಬೇಡಿ

ಈಗ ದಾರಿಯಿಲ್ಲ ಎಂದರೆ ಯಾವತ್ತೂ ಇಲ್ಲ ಎಂದಲ್ಲ. ಫೋಬಾಸ್‌ಗೆ ಹಲವು ವರ್ಷ ಯಾವ ಟೂಲೂ ಇರಲಿಲ್ಲ. 2025ರ ಜುಲೈನಲ್ಲಿ ಜಪಾನ್ ಪೊಲೀಸರು ಉಚಿತ ಡಿಕ್ರಿಪ್ಟರ್ ಬಿಡುಗಡೆ ಮಾಡಿದರು. ಕೆಟ್ಟ ಫೈಲುಗಳನ್ನು ಕಾಪಾಡಿಕೊಂಡವರಿಗಷ್ಟೇ ಅದರಿಂದ ಉಪಯೋಗ. ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ, ತಾರೀಖು, ಬಾಲದ ಅಕ್ಷರಗಳು, ಐಡಿಯ ಕೊನೆಯ ಎರಡಕ್ಷರ ಬರೆಯಿರಿ. ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ನೆಟ್ ಇಲ್ಲದ ಕಂಪ್ಯೂಟರಿಗೆ ಚುಚ್ಚಿ ಡಿಸ್ಕ್ ಓದುತ್ತಿದೆಯೇ ನೋಡಿ, ಮೊಬೈಲಿನಲ್ಲಿ ನೋ ಮೋರ್ ರ‍್ಯಾನ್ಸಮ್ ತೆರೆದು ನಿಮ್ಮ ಜಾತಿಯ ಹೆಸರು ಪಟ್ಟಿಗೆ ಸೇರಿದೆಯೇ ಹುಡುಕಿ.